ಬಿಸಿಲಿನ ಬಾಬ್ತು

ಎಡೆದೊರೆ ನಾಡು ಮರುಭೂಮಿಯಾಗಿದೆ ಎಂದು ಸರ್ಕಾರ ಆದೇಶ ಹೊರಡಿಸಿ ಹನ್ನೊಂದು ವರ್ಷವಾಗಿತ್ತು. ಅಲ್ಲಿಯ ಜನಕ್ಕೆ ಆ ಸಂಗತಿ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಗೊತ್ತಿತ್ತು. ಆದೇಶದಿಂದ ಮಳೆಯೇನೂ ಬರಲಿಲ್ಲ, ಮರಳೇನೂ ಹಿಂದೆ ಸರಿಯಲಿಲ್ಲ. ಬಂದದ್ದು ತಂಪು ನಿಗಮ.

ನಿಗಮದ ಸರಕು ಒಂದೇ, ಪಟ್ಟಿ ಮಾಳಿಗೆ. ಹಳೆಯ ಮಣ್ಣಿನ ಮಾಳಿಗೆಯ ಮೇಲೆ ಮೊಳದಗಲದ ಪಟ್ಟಿಗಳನ್ನು ಸಂದಿಲ್ಲದಂತೆ ಕೂರಿಸುತ್ತಿದ್ದರು. ಪಟ್ಟಿಯ ಒಂದು ಮೈ ಬಿಳಿ, ಇನ್ನೊಂದು ಮೈ ಕಪ್ಪು. ಬಿಳಿ ಮೈ ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಾಲದ್ದಕ್ಕೆ ಮನೆಯೊಳಗಿನ ಶಾಖವನ್ನು ಗಾಳಿ ತಡೆಯಲಾರದಂಥ ಒಂದು ಅಲೆಯಲ್ಲಿ ಮೇಲಕ್ಕೆ ಕಳಿಸಿಬಿಡುತ್ತದೆ. ಆ ಶಾಖ ಮೋಡವಿಲ್ಲದ ಆಕಾಶವನ್ನು ದಾಟಿ ನೇರ ಅಂತರಿಕ್ಷದ ಚಳಿಗೆ ಹೋಗಿ ಸೇರುತ್ತದೆ. ಕರೆಂಟು ಬೇಡ, ನೀರು ಬೇಡ. ನಡುಮಧ್ಯಾಹ್ನ ಹೊರಗೆ ನಲವತ್ತೆಂಟು ಡಿಗ್ರಿ ಇದ್ದಾಗಲೂ ಪಟ್ಟಿಯ ಮೇಲೆ ಅಂಗೈ ಇಟ್ಟರೆ ನೀರಿನ ಮಡಕೆಯನ್ನು ಮುಟ್ಟಿದ ಹಾಗಿರುತ್ತಿತ್ತು. ಮಾಗಿಯ ಚಳಿಯಲ್ಲಿ ಮಾತ್ರ ಪಟ್ಟಿಗಳನ್ನು ಮಗುಚಿ ಕಪ್ಪು ಮೈ ಮೇಲೆ ಮಾಡುತ್ತಿದ್ದರು, ಮನೆ ಬೆಚ್ಚಗಾಗಲಿ ಎಂದು. ಮಗುಚುವ ಕೆಲಸ ಊರಾಚೆಯ ನಿಯಂತ್ರಣ ಕೊಠಡಿಯದು. ಮನೆಯವರ ಕೈಗೆ ಯಾವ ಗುಂಡಿಯನ್ನೂ ಕೊಟ್ಟಿರಲಿಲ್ಲ.

ಕರೆಗುಡ್ಡ ಊರಿನ ನಿಯಂತ್ರಣ ಕೊಠಡಿಯಲ್ಲಿ ಉಳಿತಾಯದ ಲೆಕ್ಕ ನೋಡುವ ಇಂಜಿನಿಯರ್ ಅಮರೇಶ. ವಯಸ್ಸು ಮೂವತ್ತೈದು. ಲೆಕ್ಕ ಎಂದರೆ ಅವನಿಗೆ ಬರೀ ಉದ್ಯೋಗವಲ್ಲ, ಒಂದು ಬಗೆಯ ದೈವಭಕ್ತಿ. ಆ ಲೆಕ್ಕವನ್ನು ಅವನು ನಿದ್ದೆಯಲ್ಲೂ ಒಪ್ಪಿಸಬಲ್ಲ. ಒಂದು ಮನೆಗೆ ಪಟ್ಟಿ ಮಾಳಿಗೆ ಹಾಕಲು ಮೂರು ಲಕ್ಷ ಇಪ್ಪತ್ತನಾಲ್ಕು ಸಾವಿರ. ಮನೆಯವರು ಕೈಯಿಂದ ಬಿಡಿಗಾಸು ಹಾಕಬೇಕಿಲ್ಲ. ಮೊದಲು ಕೂಲರು, ಫ್ಯಾನು ಎಂದು ತಿಂಗಳಿಗೆ ಆರು ಸಾವಿರ ಬಿಲ್ಲು ಬರುತ್ತಿತ್ತು, ಪಟ್ಟಿ ಹಾಕಿದ ಮೇಲೆ ಎರಡು ಸಾವಿರ. ಉಳಿದ ನಾಲ್ಕರಲ್ಲಿ ಮೂರು ನಿಗಮಕ್ಕೆ, ಒಂದು ಮನೆಯವರಿಗೆ. ಒಂಬತ್ತು ವರ್ಷಕ್ಕೆ ಖರ್ಚು ತೀರುತ್ತದೆ, ಆಮೇಲೆ ಪೂರ್ತಿ ಉಳಿತಾಯ ಮನೆಯವರದೇ. ಇದರಲ್ಲಿ ತಪ್ಪು ಹುಡುಕಿ ನೋಡೋಣ ಎಂದು ಅಮರೇಶ ಎಲ್ಲರಿಗೂ ಸವಾಲು ಹಾಕುತ್ತಿದ್ದ. ಯಾರಿಗೂ ಸಿಕ್ಕಿರಲಿಲ್ಲ.

ತಪ್ಪು ಸಿಗದಿದ್ದರೂ ಸಹಿ ಹಾಕದ ಒಬ್ಬ ಹೆಂಗಸು ಇದ್ದಳು. ಅವನ ಚಿಗವ್ವ, ಹುಲಿಗೆವ್ವ.

ತಾಯಿ ತೀರಿಕೊಂಡಾಗ ಅಮರೇಶನಿಗೆ ನಾಲ್ಕು ವರ್ಷ. ತಾಯಿಯ ತಂಗಿ ಹುಲಿಗೆವ್ವ ಅವನನ್ನು ಎತ್ತಿಕೊಂಡು ಬಂದವಳು ಮತ್ತೆ ಕೆಳಗಿಳಿಸಲಿಲ್ಲ. ಜೋಳದ ಸಂಡಿಗೆ, ಅಕ್ಕಿ ಹಪ್ಪಳ, ಶಾವಿಗೆ ಮಾಡಿ ಮಾರಿ ಅವನನ್ನು ಇಂಜಿನಿಯರಿಂಗ್ ಓದಿಸಿದಳು. ಅವಳ ಕಾರ್ಖಾನೆ ಎಂದರೆ ಅವಳ ಮಾಳಿಗೆ. ಸಣ್ಣವನಿದ್ದಾಗ ಕೋಲು ಹಿಡಿದು ಸಂಡಿಗೆಯ ಪಕ್ಕ ಕೂತು ಕಾಗೆ ಓಡಿಸುವುದು ಅಮರೇಶನ ಕೆಲಸವಾಗಿತ್ತು. ಅರ್ಧ ಒಣಗಿದ ಸಂಡಿಗೆಯನ್ನು ಕಾಗೆಗಿಂತ ಹೆಚ್ಚು ಅವನೇ ತಿನ್ನುತ್ತಿದ್ದ. ಈಗ ಆ ಊರಲ್ಲಿ ಕಾಗೆಯೂ ಇಲ್ಲ.

ಹೋದ ವರ್ಷ ಚೈತ್ರದ ಕೊನೆಯಲ್ಲಿ ಅಮರೇಶ ಕಾಗದ ಹಿಡಿದು ಅವಳ ಮನೆಗೆ ಹೋದ. ಹುಲಿಗೆವ್ವ ಹೊಸ್ತಿಲ ಒಳಗೆ ಕೂತು ಜೋಳ ಹಸನು ಮಾಡುತ್ತಿದ್ದಳು.

“ಚಿಗವ್ವ, ಓಣಿಯೊಳಗ ಇಪ್ಪತ್ಮೂರು ಮನಿ. ಇಪ್ಪತ್ತೆರಡು ಮಂದಿ ಸಹಿ ಹಾಕ್ಯಾರ. ನೀ ಒಬ್ಬಾಕಿ ಉಳದೀ,” ಎಂದ.

“ಉಳದ್ರ ಏನಾತು? ಅವರ ಮನಿ ಅವರಿಗೆ, ನನ್ನ ಮನಿ ನನಗ.”

“ಹಂಗಲ್ಲ. ಓಣಿ ಪೂರಾ ಒಪ್ಪಿದ್ರನ ಕೆಲಸ. ಒಂದು ಮನಿ ತಪ್ಪಿದ್ರ ಯಾರಿಗೂ ಇಲ್ಲ. ನಿಗಮದ ನಿಯಮ ಐತಿ.”

“ಅಂಥಾ ನಿಯಮ ಮಾಡಿದಾವ ಯಾರು?”

ಅಮರೇಶ ಕಾಗದದ ಹಾಳೆ ತಿರುವಿದ. ನಿಯಮ ಮಾಡಿದವರ ಹೆಸರುಗಳಲ್ಲಿ ಅವನದು ಮೂರನೆಯದಾಗಿತ್ತು.

“ನನ್ನ ಸಂಡಿಗಿ ಎಲ್ಲಿ ಹಾಕ್ಲಿ, ಅದನ್ನ ಹೇಳು,” ಅಂದಳು ಹುಲಿಗೆವ್ವ.

“ಮ್ಯಾಲೇ ಹಾಕು. ಪಟ್ಟಿ ಗಟ್ಟಿ ಇರ್ತಾವ, ಅಡ್ಡಾಡಬಹುದು. ಬಿಸಿಲು ಎಲ್ಲಿ ಹೋಗ್ತೈತಿ? ಅದೇನು ನಿಗಮದ ಆಸ್ತಿ ಅಲ್ಲಲ್ಲ,” ಎಂದು ಅಮರೇಶ ನಕ್ಕ.

ಹುಲಿಗೆವ್ವ ನಗಲಿಲ್ಲ. ಅಷ್ಟರಲ್ಲಿ ಎದುರುಮನೆಯ ಬಂದೇನವಾಜ್ ತನ್ನ ಹೆಂಡತಿಯನ್ನು ನೆರಳಿಗೆ ಕರೆತಂದು ಕಟ್ಟೆಯ ಮೇಲೆ ಕೂರಿಸಿ ಒದ್ದೆ ಟವೆಲಿನಿಂದ ಅವಳ ಮುಖ ಒರೆಸತೊಡಗಿದ. ಶಮೀಮಳಿಗೆ ಆಗ ಎಂಟು ತಿಂಗಳು. ಹಿಂದಿನ ಬೇಸಿಗೆಯಲ್ಲಿ ಅವಳು ಹೆತ್ತ ಮಗು ಒಂಬತ್ತು ದಿನ ಬದುಕಿತ್ತು. ವೈದ್ಯರು ಕಾಯಿಲೆಯ ಹೆಸರೇನೂ ಹೇಳಲಿಲ್ಲ, ಮನೆ ಬಿಸಿ ಎಂದಷ್ಟೇ ಹೇಳಿ ಹೋಗಿದ್ದರು. ಆ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಬಂದೇನವಾಜನ ಕೈಗೆ ಕೊಟ್ಟವಳು ಹುಲಿಗೆವ್ವನೇ.

ಅಮರೇಶ ಆ ಕಡೆ ನೋಡಿದ. ಅವನಿಗೆ ಗೊತ್ತಿತ್ತು, ಇನ್ನು ಮಾತು ಬೇಕಿಲ್ಲ.

“ಪೆನ್ನು ತಾ,” ಅಂದಳು ಹುಲಿಗೆವ್ವ.

ಕಾಗದದ ಹದಿನಾಲ್ಕನೆಯ ಕಲಮು ಹೀಗಿತ್ತು: ಖರ್ಚು ತೀರುವ ತನಕ ಮಾಳಿಗೆಯ ಮೇಲ್ಮೈ ನಿಗಮದ ಸುಪರ್ದಿನಲ್ಲಿ ಇರತಕ್ಕದ್ದು. ಹುಲಿಗೆವ್ವ ಅದನ್ನು ಓದಲಿಲ್ಲ. ಓದಿ ಹೇಳಬೇಕಾದವನು ಪಕ್ಕದಲ್ಲೇ ಕೂತಿದ್ದ. ಪಟ್ಟಿಗಳನ್ನು ಯಾರೂ ಕಿತ್ತು ಮಾರಿಕೊಳ್ಳಬಾರದು ಎಂಬುದಕ್ಕೆ ಆ ಕಲಮು ಹಾಕಿದ್ದಾರೆ ಎಂದು ಅವನೂ ನಂಬಿದ್ದ.

ಪಟ್ಟಿ ಹಾಕಿದ ದಿನ ಓಣಿಯಲ್ಲಿ ಹಬ್ಬ. ಸಂಜೆಗೆ ಹೆಂಗಸರು ತಮ್ಮ ತಮ್ಮ ಮನೆಯ ಗೋಡೆಗೆ ಕೆನ್ನೆ ಹಚ್ಚಿ ನೋಡಿದರು. ಗೋಡೆ ತಣ್ಣಗಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ವೈಶಾಖದ ಮಧ್ಯಾಹ್ನ ಜನ ನಿದ್ದೆ ಮಾಡಿದರು. ಜ್ಯೇಷ್ಠದಲ್ಲಿ ಶಮೀಮಳಿಗೆ ಹೆಣ್ಣು ಮಗು ಹುಟ್ಟಿತು. ಒಂಬತ್ತು ದಿನ ದಾಟಿತು, ತಿಂಗಳು ದಾಟಿತು. ಬಂದೇನವಾಜ್ ನಿಯಂತ್ರಣ ಕೊಠಡಿಗೇ ಬಂದು ಅಮರೇಶನ ಎರಡೂ ಕೈ ಹಿಡಿದುಕೊಂಡು ನಿಂತುಬಿಟ್ಟ. ಅಮರೇಶ ಆ ದಿನದಷ್ಟು ಸಂತೋಷವನ್ನು ತನ್ನ ಮದುವೆಯಲ್ಲೂ ಪಟ್ಟಿರಲಿಲ್ಲ. ಇದನ್ನು ಹೆಂಡತಿ ಸುಗಲಾಳ ಮುಂದೆ ಹೇಳಿ ಬೈಸಿಕೊಂಡ.

ಆ ವರ್ಷ ಹುಲಿಗೆವ್ವ ಮೊದಲೇ ಒಣಗಿಸಿ ಇಟ್ಟಿದ್ದ ಸಂಡಿಗೆಯಲ್ಲಿ ವ್ಯಾಪಾರ ನಡೆಸಿದಳು. ಹಾಗಾಗಿ ಏನೂ ಬಯಲಾಗಲಿಲ್ಲ. ಬಯಲಾದದ್ದು ವರ್ಷದ ಕೊನೆಗೆ, ಫಾಲ್ಗುಣದಲ್ಲಿ.

ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಪ್ರತಿ ಓಣಿಗೂ ಒಂದು ಗೆರೆ. ಕರೆಂಟಿನ ಬಳಕೆ ಇಳಿದರೆ ಗೆರೆ ಇಳಿಯುತ್ತದೆ. ಹತ್ತು ತಿಂಗಳು ಎಲ್ಲ ಗೆರೆಗಳೂ ವಿಧೇಯವಾಗಿ ನೆಲ ಹಿಡಿದಿದ್ದವು. ಫಾಲ್ಗುಣದ ಎರಡನೇ ವಾರದಲ್ಲಿ ಹುಲಿಗೆವ್ವನ ಓಣಿಯ ಗೆರೆ ಎದ್ದು ಕೂತಿತು. ಮಾಸಾಂತ್ಯಕ್ಕೆ ಹಾವಿನ ಹೆಡೆಯ ಹಾಗೆ ನಿಂತಿತ್ತು. ಉಳಿತಾಯದ ಮುಕ್ಕಾಲು ಭಾಗ ಮಾಯ.

ಕೊಠಡಿಯ ಮುಖ್ಯಸ್ಥೆ ವಸುಂಧರಾ ದೇಶಪಾಂಡೆ ಪರದೆಯ ಮುಂದೆ ನಿಂತು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರು ಕೆಟ್ಟವರಲ್ಲ. ಬೇಕೆಂದು ಯಾರಿಗೂ ಅನ್ಯಾಯ ಮಾಡಿದವರಲ್ಲ. ಕಾಗದದ ಮೇಲೆ ಒಂದು ಸಾಲು ಖಾಲಿ ಇದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ, ಅಷ್ಟೆ.

“ಅಮರೇಶ್, ಇವರೆಲ್ಲ ಕಳ್ಳತನದಲ್ಲಿ ಏನಾದರೂ ಕಾರ್ಖಾನೆ ನಡೆಸುತ್ತಿದ್ದಾರೆಯೇ?” ಎಂದು ಕೇಳಿದರು.

“ಇಲ್ಲ ಮೇಡಂ. ನನಗೆ ಗೊತ್ತಿರೋ ಓಣಿ. ನೋಡಿ ಬರ್ತೀನಿ,” ಎಂದ ಅಮರೇಶ.

ನೋಡಲು ಹೋಗುವ ಮೊದಲೇ ಯುಗಾದಿ ಬಂತು. ಪ್ರತಿ ಯುಗಾದಿಗೂ ಹುಲಿಗೆವ್ವನ ಒಂದು ಡಬ್ಬಿ ಸಂಡಿಗೆ ಅಮರೇಶನ ಮನೆಗೆ ಬರುತ್ತಿತ್ತು. ಅವನು ಹಾಸ್ಟೆಲಿನಲ್ಲಿ ಇದ್ದಾಗಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಈ ಸಲವೂ ಬಂತು. ಸುಗಲಾ ಎಣ್ಣೆ ಕಾಯಿಸಿ ನಾಲ್ಕು ಸಂಡಿಗೆ ಬಿಟ್ಟಳು. ಬಾಣಲೆಗೆ ಬಿದ್ದ ತಕ್ಷಣ ಮೂರು ಪಟ್ಟು ಅರಳಿ ಮೇಲೇಳಬೇಕಾದ ಸಂಡಿಗೆ ತಳದಲ್ಲೇ ಕೂತು ಕೆಂಪಾಯಿತು.

“ಏನ್ರಿ ಇದು? ಅತ್ತಿಯವರಿಗೆ ವಯಸ್ಸಾತೇನು, ಕೈ ತಪ್ಪೈತಿ,” ಎಂದಳು ಸುಗಲಾ.

ಅಮರೇಶ ಒಂದನ್ನು ಬಾಯಿಗೆ ಹಾಕಿಕೊಂಡ. ಹೊರಗೆ ಕಲ್ಲು, ಒಳಗೆ ಹುಳಿ. ಮೂವತ್ತು ವರ್ಷದಲ್ಲಿ ಚಿಗವ್ವನ ಕೈ ತಪ್ಪಿದ್ದನ್ನು ಅವನು ಕಂಡಿರಲಿಲ್ಲ. ಉಗುಳಲು ಮನಸ್ಸು ಬರದೆ ನುಂಗಿದ. ಊಟಕ್ಕೆ ಕೂರದೆ ಗಾಡಿ ತೆಗೆದು ಹೊರಟ.

ಓಣಿಯಲ್ಲಿ ಮೊದಲು ಕಂಡದ್ದು ಬಂದೇನವಾಜನ ಪಡಸಾಲೆಯಲ್ಲಿ ಗುಂಯ್ ಎನ್ನುತ್ತಿದ್ದ ಒಂದು ತಗಡಿನ ಪೆಟ್ಟಿಗೆ. ಆಳೆತ್ತರ, ಒಳಗೆ ಆರು ತಟ್ಟೆ, ಹಿಂದೆ ಬಿಸಿಗಾಳಿ ಊದುವ ಯಂತ್ರ. ತಟ್ಟೆಗಳಲ್ಲಿ ಮೆಣಸಿನಕಾಯಿ. ಪಕ್ಕದ ಮನೆಯಲ್ಲೂ ಅಂಥದೇ ಪೆಟ್ಟಿಗೆ, ಅದರ ಪಕ್ಕದ ಮನೆಯಲ್ಲೂ. ವರ್ಷದ ಖಾರ, ವರ್ಷದ ಹಪ್ಪಳ, ವರ್ಷದ ಸಂಡಿಗೆ ಮಾಡಿಟ್ಟುಕೊಳ್ಳುವ ಕಾಲ ಅದು. ಹೊರಗೆ ನಲವತ್ತಾರು ಡಿಗ್ರಿ ಬಿಸಿಲು ಹೊಡೆಯುತ್ತಿತ್ತು. ಒಳಗೆ ಇಪ್ಪತ್ತಮೂರು ಮನೆಯವರು ಕರೆಂಟು ಸುಟ್ಟು ಬಿಸಿಗಾಳಿ ಮಾಡಿಕೊಳ್ಳುತ್ತಿದ್ದರು.

ಹುಲಿಗೆವ್ವ ತನ್ನ ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು.

“ಮಾಳಗಿ ಮ್ಯಾಲೆ ಯಾಕ ಹಾಕ್ಲಿಲ್ಲ ಚಿಗವ್ವ?” ಎಂದು ಅಮರೇಶ ನಿಂತಲ್ಲೇ ಕೇಳಿದ.

ಅವಳು ಎದ್ದು ಏಣಿ ಹತ್ತಿದಳು. ಹಿಂದೆ ಅವನೂ ಹತ್ತಿದ. ಬಿಳಿ ಪಟ್ಟಿಯ ಮೇಲೆ ಹಳೆಯ ಧೋತರ ಹಾಸಿ ಹತ್ತಾರು ಸಂಡಿಗೆ ಇಟ್ಟಿದ್ದಳು. ಒಂದನ್ನು ಎತ್ತಿ ಅವನ ಕೈಗೆ ಕೊಟ್ಟಳು. ಮೇಲ್ಭಾಗ ಗರಿಗರಿ, ತಳ ಅಂಟಂಟು.

“ಸಂಡಿಗಿ ಮ್ಯಾಲಿಂದ ಒಣಗ್ತೈತಿ ಅಂತ ತಿಳ್ಕೊಂಡೀಯೇನು? ಬುಡದಿಂದ ಒಣಗ್ತೈತಿ. ಮಾಳಗಿ ಕಾದು ಬುಡ ಎಬ್ಬಿಸಬೇಕು. ಇಲ್ಲಿ ಬುಡಕ್ಕ ತಂಪು. ಮ್ಯಾಲ ಗಾಳಿಗೆ ತೊಗಲು ಬಿಗಿತೈತಿ, ಒಳಗಿನ ನೀರು ಹೊರಗ ಬರಾಕ ದಾರಿ ಇಲ್ಲ. ಎರಡು ದಿನಕ್ಕ ಹುಳಿ ನಾತ. ಹಬ್ಬಕ್ಕ ನಿನಗ ಕಳಿಸಿದ್ದೂ ಇಲ್ಲಿ ಒಣಗಿಸಿದ್ದನ.”

“ಕೆಳಗ ಓಣ್ಯಾಗ ಹಾಕಬಹುದಿತ್ತಲ್ಲ?”

“ಎದಿಮಟ ಉಸುಕು ಹಾರ್ತೈತಿ. ಹಲ್ಲಾಗ ಕರಕರ ಅನ್ನೋ ಸಂಡಿಗಿ ಯಾರು ತೊಗೊಂತಾರ? ಮಾಳಗಿ ಮಟ ಉಸುಕು ಏರೂದಿಲ್ಲ.”

“ನನಗ ಮೊದಲ ಯಾಕ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಎದುರುಮನ್ಯಾಗ ಆ ಕೂಸು ನಗೂದು ಕೇಳಸ್ತೈತಿ. ಅದನ್ನ ಕೇಳಿಕೋತ ನಿನ್ನ ಪಟ್ಟಿ ಕಿತ್ತು ಒಗಿ ಅಂತ ಹೆಂಗ ಹೇಳ್ಲಿ?”

ಅಮರೇಶನಿಗೆ ನಾಚಿಕೆಯಾಯಿತು. ತನ್ನ ಲೆಕ್ಕದಲ್ಲಿ ಯಾರಿಗೂ ಸಿಗದ ತಪ್ಪು ಅವನ ಅಂಗೈಯಲ್ಲಿ ಅಂಟಿಕೊಂಡಿತ್ತು. ಮಾಳಿಗೆಗೆ ಬೀಳುವ ಬಿಸಿಲನ್ನು ಅವನು ಬರೀ ಖರ್ಚಿನ ಕಡೆ ಬರೆದಿದ್ದ. ಆ ಬಿಸಿಲಿನಿಂದಲೇ ಓದಿ ಇಂಜಿನಿಯರ್ ಆದವನು, ಜಮೆಯ ಕಡೆ ಅದಕ್ಕೆ ಒಂದು ಸಾಲೂ ಬಿಟ್ಟಿರಲಿಲ್ಲ.

ಪೆಟ್ಟಿಗೆಯ ಸಂಡಿಗೆ ಅರಳುತ್ತಿತ್ತಾದರೂ ತಗಡಿನ ವಾಸನೆ ಹೊಡೆಯುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರೇ ಬಿಡುತ್ತಿದ್ದರು. ಇನ್ನೊಂದು ಸುಗ್ಗಿ ಹೀಗೇ ಹೋದರೆ ತನ್ನ ವ್ಯಾಪಾರ ಮುಗಿಯಿತು ಎಂದು ಹುಲಿಗೆವ್ವ ಹೇಳಿದಳು. ಆ ಮಾತನ್ನು ಜೋಳದ ಧಾರಣೆ ಹೇಳಿದಷ್ಟೇ ಸಪ್ಪಗೆ ಹೇಳಿದಳು.

“ನೀ ಪೆಟಗಿ ಬಂದ್ ಮಾಡು. ನಾಳಿಂದ ಹತ್ತು ಗಂಟೆಕ್ಕ ಮ್ಯಾಲೆ ಹೋಗಿ ನೋಡು,” ಎಂದ ಅಮರೇಶ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನು ತನ್ನ ಮೇಜಿನಿಂದ ಅವಳ ಮನೆಯ ಪಟ್ಟಿಗಳನ್ನು ಮಗುಚಿದ. ಮಾಗಿಗೆಂದು ಇದ್ದ ಕಪ್ಪು ಮೈ ಚೈತ್ರದ ಬಿಸಿಲಿಗೆ ತೆರೆಯಿತು. ಅರ್ಧ ಗಂಟೆಯಲ್ಲಿ ಮಾಳಿಗೆ ಹೆಂಚಿನಂತೆ ಕಾದಿತು. ಮಧ್ಯಾಹ್ನ ಮೂರಕ್ಕೆ, ಅವಳು ಸಂಡಿಗೆ ಎತ್ತಿದ ಮೇಲೆ, ಮತ್ತೆ ಬಿಳಿ ಮಾಡಿದ. ಆ ಐದು ತಾಸು ಅವಳ ಮನೆಯೊಳಗೆ ಕೂರಲು ಆಗುತ್ತಿರಲಿಲ್ಲ. ಹುಲಿಗೆವ್ವ ಮೇಲೆ ಸಂಡಿಗೆ ಇಟ್ಟು ಬಂದು ಶಮೀಮಳ ಮನೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದಳು. ಮೂರನೆಯ ದಿನ ಅವಳು ಅಮರೇಶನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದಳು: “ಅರಳಿದ್ವು.”

ಸುದ್ದಿ ಓಣಿಯಲ್ಲಿ ಬಚ್ಚಿಡುವಂಥದಲ್ಲ. ಶಮೀಮ್ ತನ್ನ ಮೆಣಸಿನಕಾಯಿ ಹೊತ್ತು ಬಂದಳು. ಆಮೇಲೆ ಪಕ್ಕದ ಮನೆಯವರ ಹಪ್ಪಳ, ಮೂಲೆಮನೆಯವರ ಶಾವಿಗೆ. ಒಬ್ಬೊಬ್ಬರಿಗೆ ಒಂದೊಂದು ಮೂಲೆ ಕೊಟ್ಟು ಹುಲಿಗೆವ್ವ ಮಾಳಿಗೆಯ ಮೇಲೆ ಪಾಳಿ ನಡೆಸಿದಳು. ಯಾರ ಹತ್ತಿರವೂ ಏನೂ ತೆಗೆದುಕೊಳ್ಳಲಿಲ್ಲ. ಇಪ್ಪತ್ತಮೂರು ತಗಡಿನ ಪೆಟ್ಟಿಗೆಗಳು ಬಾಯಿ ಮುಚ್ಚಿದವು. ಪರದೆಯ ಮೇಲೆ ಹೆಡೆ ಎತ್ತಿದ್ದ ಗೆರೆ ಮತ್ತೆ ನೆಲಕ್ಕೆ ಇಳಿಯಿತು.

ಅಮರೇಶ ಇದನ್ನೆಲ್ಲ ಕೊಠಡಿಯಲ್ಲಿ ಯಾರಿಗೂ ತಿಳಿಸಿರಲಿಲ್ಲ. ಆದರೆ ಇಂಜಿನಿಯರನ ಕೈ ಸುಮ್ಮನಿರುವುದಿಲ್ಲ. ಯಾವ ದಿನ ಎಷ್ಟು ಗಂಟೆಗೆ ಪಟ್ಟಿ ಮಗುಚಿದೆ, ಎಷ್ಟು ತಾಸು ಕಪ್ಪು ಇತ್ತು, ಮನೆಯ ತಂಪು ಎಷ್ಟು ನಷ್ಟವಾಯಿತು ಎಂದು ಒಂದು ಪುಟದಲ್ಲಿ ಸಾಲಾಗಿ ಬರೆದಿಟ್ಟ. ಮುಂದೆ ಎಂದಾದರೂ ಬೇರೆ ಓಣಿಗೂ ಹೀಗೆ ಮಾಡಬಹುದಲ್ಲ ಎಂಬ ಆಸೆಗೆ. ಇಪ್ಪತ್ತೆರಡು ದಿನ, ನೂರ ಹತ್ತು ತಾಸು. ಆ ಪುಟ ನಿಗಮದ ಯಂತ್ರದಲ್ಲೇ ಇತ್ತು.

ಇಪ್ಪತ್ತಮೂರನೆಯ ದಿನ ದೇಶಪಾಂಡೆ ಮೇಡಂ ಅವನನ್ನು ಒಳಗೆ ಕರೆದರು. ಅವರ ಮೇಜಿನ ಮೇಲೆ ಆ ಪುಟ ಇತ್ತು. ಕೆಲಸ ಹೋಯಿತು ಎಂದುಕೊಂಡು ಅಮರೇಶ ನಿಂತೇ ಇದ್ದ.

“ಕೂತುಕೊಳ್ಳಿ. ನಿಯಮದ ಪ್ರಕಾರ ನಿಮ್ಮನ್ನು ತೆಗೆಯಬೇಕಿತ್ತು. ಆದರೆ ನೀವು ಏನು ಮಾಡಿದ್ದೀರಿ ಎಂದು ನಿಮಗೇ ಗೊತ್ತಿಲ್ಲ. ಒಂದು ಮಾಳಿಗೆಯ ತಂಪು ಬಿಟ್ಟುಕೊಟ್ಟು ಇಪ್ಪತ್ತಮೂರು ಮನೆಯ ಬಳಕೆ ಇಳಿಸಿದ್ದೀರಿ. ಇದನ್ನು ಆರುನೂರು ಓಣಿಗಳಿಗೆ ಮಾಡಬಹುದು,” ಎಂದರು ಮೇಡಂ.

ಅಮರೇಶನಿಗೆ ಕಣ್ಣು ತುಂಬಿತು. “ಅದನ್ನೇ ನಾನೂ ಅಂದುಕೊಂಡಿದ್ದೆ ಮೇಡಂ,” ಎಂದ.

“ದರ ಎಷ್ಟು ಇಡೋಣ?”

“ಯಾತರ ದರ?”

“ಕಪ್ಪು ತಾಸಿನ ದರ. ಐದು ತಾಸು ಆ ಮನೆಯ ತಂಪು ನಷ್ಟವಾಗುತ್ತದೆ. ನಿಮ್ಮದೇ ಅಂಕಿ. ಆ ನಷ್ಟ ಯಾರಾದರೂ ಭರಿಸಬೇಕಲ್ಲ.”

“ಮೇಡಂ, ಅದು ಅವರ ಮಾಳಿಗೆ. ಬಿಸಿಲಿಗೆ ದರ ಹಾಕೋದು ಹೇಗೆ?”

“ಬಿಸಿಲಿಗಲ್ಲ, ಮೇಲ್ಮೈ ಬಳಕೆಗೆ. ಹದಿನಾಲ್ಕನೆಯ ಕಲಮು ನೋಡಿ, ಮೇಲ್ಮೈ ನಮ್ಮ ಸುಪರ್ದಿನಲ್ಲಿದೆ. ಪುಕ್ಕಟೆ ಕೊಟ್ಟರೆ ಲೆಕ್ಕಪರಿಶೋಧಕರು ನನ್ನನ್ನು ಕೇಳುತ್ತಾರೆ, ನಿಮ್ಮನ್ನಲ್ಲ. ದರ ಇಲ್ಲದೆ ಈ ಸೌಲಭ್ಯ ಮಂಡಳಿಯಲ್ಲಿ ಪಾಸಾಗುವುದಿಲ್ಲ. ಪಾಸಾಗದಿದ್ದರೆ ನಾಳೆಯಿಂದ ಆ ಪಟ್ಟಿ ಮಗುಚುವಂತಿಲ್ಲ. ಅಂಕಿ ಗೊತ್ತಿರುವವರು ನೀವೊಬ್ಬರೇ. ನೀವು ಹಾಕದಿದ್ದರೆ ಬೇರೆ ಯಾರೋ ಹಾಕುತ್ತಾರೆ.”

ಕೊನೆಯ ಮಾತು ಅವನನ್ನು ಬೀಳಿಸಿತು. ತಾನೇ ಹಾಕಿದರೆ ಕಡಿಮೆ ಹಾಕಬಹುದು ಎಂದುಕೊಂಡ. ಜಗತ್ತಿನಲ್ಲಿ ಎಷ್ಟೋ ಒಳ್ಳೆಯ ಜನ ಈ ಒಂದು ಮಾತು ಹೇಳಿಕೊಂಡೇ ಕೈ ಕೊಳೆ ಮಾಡಿಕೊಂಡಿದ್ದಾರೆ. ಅಮರೇಶ ಎರಡು ದಿನ ಕೂತು, ತಂಪಿನ ನಷ್ಟವನ್ನು ಅತ್ಯಂತ ಸಣ್ಣದಾಗಿ ಹಿಡಿದು, ತಾಸಿಗೆ ಹನ್ನೊಂದು ರೂಪಾಯಿ ಎಂದು ಬರೆದು ಸಹಿ ಹಾಕಿದ. ಮಂಡಳಿಯವರು ನಿರ್ವಹಣೆ, ಸವಕಳಿ, ಮುಂದಿನ ವಿಸ್ತರಣೆ ಎಂದು ಒಂದೊಂದಾಗಿ ಸೇರಿಸಿ ನಲವತ್ತು ಮಾಡಿದರು. ಕೆಳಗಿನ ಸಹಿ ಮಾತ್ರ ಅವನದೇ ಉಳಿಯಿತು. ಸೌಲಭ್ಯಕ್ಕೆ ‘ಸೂರ್ಯಸ್ಪರ್ಶ’ ಎಂದು ಚಂದದ ಹೆಸರಿಟ್ಟರು. ಅಮರೇಶನಿಗೆ ಬಡ್ತಿ ಕೊಟ್ಟರು.

ಹುಲಿಗೆವ್ವನ ಕಪ್ಪು ತಾಸುಗಳ ದಾಖಲೆ ಮೊದಲೇ ಇದ್ದುದರಿಂದ ಹಿಂದಿನ ಬಳಕೆಗೂ ಬಿಲ್ಲು ಹೊರಟಿತು. ಅದು ಅಮರೇಶನಿಗೆ ತಿಳಿದದ್ದು ಬಿಲ್ಲು ಅವಳ ಕೈ ಸೇರಿದ ಮೇಲೆ. ಅವನು ಮೇಡಂ ಬಳಿ ಹೋಗಿ ಬೇಡಿಕೊಂಡ. ಬಿಲ್ಲನ್ನು ಯಂತ್ರ ಕಳಿಸಿದೆ, ಯಂತ್ರಕ್ಕೆ ಹಿಂತೆಗೆಯುವ ಸಾಲು ಇಲ್ಲ ಎಂದರು ಅವರು. ಅವರಿಗೂ ಬೇಸರವಾದಂತೆ ಕಂಡಿತು.

ಅಮರೇಶ ಆ ಭಾನುವಾರ ಮಧ್ಯಾಹ್ನ ಓಣಿಗೆ ಹೋದ. ಜೇಬಿನಲ್ಲಿ ಬಿಲ್ಲಿನಷ್ಟು ಹಣ ಇಟ್ಟುಕೊಂಡಿದ್ದ. ಹುಲಿಗೆವ್ವ ಪಡಸಾಲೆಯಲ್ಲಿ ಕೂತಿದ್ದಳು. ಮನೆ ತಣ್ಣಗಿತ್ತು. ಗೋಡೆಗೆ ಒರಗಿಸಿ ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದ್ದಳು.

“ಬಾರಪಾ. ಚಲೋ ಹೊತ್ತಿಗೆ ಬಂದಿ. ಕಣ್ಣು ಸರಿ ಕಾಣೂದಿಲ್ಲ, ಇದನ್ನ ಓದು,” ಎಂದು ಬಿಲ್ಲು ಮುಂದೆ ಹಿಡಿದಳು.

ಅವಳ ಕಣ್ಣು ಚೆನ್ನಾಗಿಯೇ ಇತ್ತು. ಜೋಳದಲ್ಲಿಯ ಹರಳನ್ನು ಅವಳು ಮೊಳ ದೂರದಿಂದ ಆರಿಸುತ್ತಿದ್ದಳು. ಅಮರೇಶ ಓದಿದ.

“ಸೂರ್ಯಸ್ಪರ್ಶ ಮೇಲ್ಮೈ ಬಳಕೆ. ನೂರ ಹತ್ತು ತಾಸು. ದರ ನಲವತ್ತು. ಒಟ್ಟು ನಾಲ್ಕು ಸಾವಿರದ ನಾನೂರು.”

“ಕೆಳಗ?”

“ಕೆಳಗ ಏನಿಲ್ಲ ಚಿಗವ್ವ.”

“ಹೆಸರು ಐತಲ್ಲ.”

ಅವನು ತನ್ನ ಹೆಸರನ್ನು ಓದಿದ. ಅವಳು ಇಟ್ಟ ಹೆಸರು ಅದು.

“ಚಿಗವ್ವ, ನಾ ಹನ್ನೊಂದು ಬರದಿದ್ದೆ. ಅವರು ನಲವತ್ತು ಮಾಡಿದ್ರು.”

“ಹನ್ನೊಂದು ಆಗಿದ್ರ ಎಷ್ಟು ಆಗ್ತಿತ್ತು?”

“ಸಾವಿರದ ಇನ್ನೂರ ಹತ್ತು,” ಎಂದ ಅಮರೇಶ. ಹೇಳಿದ ಮೇಲೆ ಅವನಿಗೆ ಹೊಳೆಯಿತು. ಪಟ್ಟಿ ಮಾಳಿಗೆಯಿಂದ ತಿಂಗಳಿಗೆ ಅವಳಿಗೆ ಉಳಿಯುತ್ತಿದ್ದದ್ದು ಸಾವಿರ. ಅವನು ಕರುಣೆಯಿಂದ ಹಾಕಿದ ದರವೇ ಆ ಉಳಿತಾಯವನ್ನು ನುಂಗಿ ಮೇಲೆ ಇನ್ನೂರ ಹತ್ತು ಕೇಳುತ್ತಿತ್ತು. ಆರುನೂರು ಓಣಿಗಳ ಲೆಕ್ಕ ಮಾಡಿದವನು ಈ ಒಂದು ಗುಣಾಕಾರ ಮಾಡಿರಲಿಲ್ಲ.

“ಬಿಸಿಲು ನಿಗಮದ ಆಸ್ತಿ ಅಲ್ಲ ಅಂದಿದ್ದಿಯಲ್ಲ,” ಅಂದಳು ಹುಲಿಗೆವ್ವ. ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಅವನು ಕಾಲು ಹಿಡಿದು ಅತ್ತುಬಿಡುತ್ತಿದ್ದ.

“ಓಣಿ ಮಂದಿ ಎಲ್ಲಾ ನಿನ್ನ ಮಾಳಗಿ ಮ್ಯಾಲೆ ಹಾಕ್ಯಾರ. ಅವರೂ ಕೂಡಿ ಕೊಡ್ಲಿ,” ಎಂದ.

“ಬರ್ರಿ, ಹಾಕ್ರಿ ಅಂತ ಕರದಾಕಿ ನಾನು. ಈಗ ಹೋಗಿ ರೊಕ್ಕ ಕೊಡ್ರಿ ಅಂತ ಹೆಂಗ ಕೇಳ್ಲಿ? ಬಂದೇನವಾಜ ತಾನಾಗೇ ಬಂದಿದ್ದ. ಬ್ಯಾಡ ಅಂದು ಕಳಿಸೀನಿ.”

“ಹಂಗಾರ ನಾ ಕಟ್ತೀನಿ. ರೊಕ್ಕ ತಂದೀನಿ.” ಅವನು ಜೇಬಿಗೆ ಕೈ ಹಾಕಿದ.

“ಕಟ್ಟೀನಿ ನಾನು. ನಿನ್ನೆನ ಕಟ್ಟಿ ಬಂದೆ. ಪೆಟಗಿನೂ ಮಾರಿದೆ, ಜೋಳ ತರಾಕ ಇಟ್ಟ ಗಂಟೂ ಹೋತು. ಇನ್ನ ಸಂಡಿಗಿ ಸಾಕು. ಕಪ್ಪು ಮಾಡಬ್ಯಾಡ ಅಂತ ಬರಕೊಟ್ಟೀನಿ.”

ಅಮರೇಶ ಗೋಡೆಯ ಕಡೆ ನೋಡಿದ. ಖಾಲಿ ಡಬ್ಬಿಗಳನ್ನು ಯಾಕೆ ಪೇರಿಸಿಟ್ಟಿದ್ದಾಳೆ ಎಂದು ಆಗ ತಿಳಿಯಿತು. ಎದುರುಮನೆಯಿಂದ ಕೂಸಿನ ಕೇಕೆ ಕೇಳಿಸಿತು. ಹುಲಿಗೆವ್ವ ಅತ್ತ ಕಿವಿಗೊಟ್ಟು, ಎದ್ದು ಒಳಗೆ ಹೋಗಿ ಒಂದು ತುಂಬಿದ ಡಬ್ಬಿ ತಂದು ಅವನ ಮುಂದೆ ಇಟ್ಟಳು.

“ಹಬ್ಬಕ್ಕ ಕೊಟ್ಟಿದ್ದು ಕೆಟ್ಟಿತ್ತು. ಅದರ ಬದಲಿ ಇದು. ಕಡೀದು, ಚಲೋ ಅರಳ್ತಾವ.”

ಅಮರೇಶ ಡಬ್ಬಿ ಎತ್ತಿಕೊಂಡ. ಎಷ್ಟೇ ಆಗಲಿ ತನಗೆಂದು ತೆಗೆದಿಟ್ಟಿದ್ದಾಳೆ ಎಂದು ಅವನ ಎದೆಯ ಭಾರ ಒಂದಿಷ್ಟು ಇಳಿಯಿತು.

“ಎಂಬತ್ತು ರೂಪಾಯಿ ಕೊಡು,” ಅಂದಳು ಹುಲಿಗೆವ್ವ.

ಅವನಿಗೆ ಅರ್ಥವಾಗಲಿಲ್ಲ. ಹಾಸ್ಟೆಲಿನ ದಿನದಿಂದ ಇಲ್ಲಿಯತನಕ ಅವಳು ಅವನಿಂದ ಒಂದು ರೂಪಾಯಿ ಮುಟ್ಟಿರಲಿಲ್ಲ. ಮೊದಲ ಸಂಬಳ ತಂದು ಕಾಲಿಗೆ ಇಟ್ಟಾಗ ಕೂಡ ಎತ್ತಿ ಅವನ ಜೇಬಿಗೇ ತುರುಕಿದ್ದಳು.

“ಜೋಳ ನಂದು, ಉಪ್ಪು ಜೀರಗಿ ನಂದು, ಕೈ ನಂದು. ಅದಕ್ಕ ನಿನ್ನ ಹತ್ರ ಏನೂ ಬ್ಯಾಡ. ಎಂದೂ ತೊಗೊಂಡಿಲ್ಲ, ಈಗೂ ತೊಗೊಳ್ಳೂದಿಲ್ಲ. ಆ ತಿಂಗಳ ಐವತ್ತೈದು ಡಬ್ಬಿ ಆದ್ವು. ನಾಲ್ಕು ಸಾವಿರದ ನಾನೂರು ಹಂಚಿದ್ರ ಡಬ್ಬಿಗೆ ಎಂಬತ್ತು ಬೀಳ್ತೈತಿ. ಅದು ಬಿಸಿಲಿನ ಬಾಬ್ತು. ಬಿಸಿಲು ನಂದಲ್ಲ. ಇನ್ನೊಬ್ಬರ ಒಡವಿ ನಿನಗ ಪುಕ್ಕಟೆ ಹೆಂಗ ಕೊಡ್ಲಿ?”

ಅವಳು ಚುಚ್ಚಲೆಂದು ಹೇಳಿದ್ದಲ್ಲ. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು, ನಿಜವಾಗಿಯೂ ಹಾಗೆಂದೇ ಲೆಕ್ಕ ಹಾಕಿದ್ದಳು. ಅಮರೇಶ ಡಬ್ಬಿಯ ಮುಚ್ಚಳ ಬಿಗಿ ಮಾಡಿದ. ಕೆಳಗಿಟ್ಟು ಹೋಗಲು ಕೈ ಬರಲಿಲ್ಲ. ಕಡೆಗೆ ನೂರರ ಒಂದು ನೋಟು ತೆಗೆದು ಕೊಟ್ಟ.

ಹುಲಿಗೆವ್ವ ಸೀರೆಯ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ತೆಗೆದು ಅವನ ಅಂಗೈಯಲ್ಲಿ ಹಾಕಿದಳು. ಅವನು ನೋಡದೆ ಜೇಬಿಗೆ ಇಳಿಸಲು ಹೋದ.

“ಎಣಿಸಿಕೊ,” ಅಂದಳು.

ಅಮರೇಶ ಎಣಿಸಿಕೊಂಡ. ಇಪ್ಪತ್ತು ರೂಪಾಯಿ ಸರಿಯಾಗಿತ್ತು.